ಬಾಗಿಲು ತೆಗೆಯೋರು ಯಾರು?

ಮಂಡಕ್ಕಿಯನ್ನು ಬರೆಯಲು ಬರುವುದಿಲ್ಲ. ಬಿಡಬೇಕು, ಅಷ್ಟೇ.

ನಾನು ಕಪ್ಪು ಇಂಕಿನಲ್ಲಿ, ಅದ್ದಿ ಬರೆಯುವ ನಿಬ್ಬಿನಲ್ಲಿ ಚಿತ್ರ ಬರೆಯುತ್ತೇನೆ. ಬಣ್ಣ ಇಲ್ಲ. ಮೂರು ವಾರದಿಂದ ಮೇಜಿನ ಮೇಲಿರುವುದು ಮಂಡಕ್ಕಿ ಭಟ್ಟಿಯ ಒಳಗಿನ ಚಿತ್ರ. ಹೊಗೆ ಹಿಡಿದ ಗೋಡೆ, ಒಲೆಯ ಬಾಯಿ, ಕಾದ ಮರಳಿನ ಬಾಣಲಿ, ಜರಡಿ ಹಿಡಿದು ನಿಂತ ಒಬ್ಬ ಮನುಷ್ಯ. ಭಟ್ಟಿಯಲ್ಲಿ ಅಕ್ಕಿ ಮರಳಿಗೆ ಬಿದ್ದು ನಾಲ್ಕು ಸುತ್ತು ತಿರುಗಿದರೆ ಸಾಕು, ಬಾಣಲಿ ತುಂಬ ಬಿಳುಪು. ಹಾಳೆಯ ಮೇಲೆ ಆ ಬಿಳುಪನ್ನು ನಾನು ಹಾಕುವುದಲ್ಲ, ಅದು ಹಾಳೆಯದ್ದೇ. ಸುತ್ತಲಿನ ಕತ್ತಲನ್ನೆಲ್ಲ ಗೆರೆ ಮೇಲೆ ಗೆರೆ ಎಳೆದು ತುಂಬಿದ ಮೇಲೆ ಉಳಿದ ಜಾಗವೇ ಮಂಡಕ್ಕಿ. ಅಂಗೈ ಅಗಲದ ಕತ್ತಲಿಗೆ ನನಗೆ ನಾಲ್ಕು ದಿನ ಬೇಕು. ಮೊದಲು ಒಂದು ಕಡೆ ವಾಲಿದ ಗೆರೆ. ಒಣಗಿದ ಮೇಲೆ ಅದಕ್ಕೆ ಅಡ್ಡ ಗೆರೆ. ಮತ್ತೆ ಒಣಗಿಸಿ ನೆಟ್ಟನೆಯ ಗೆರೆ. ಹಸಿ ಇರುವಾಗಲೇ ಆತುರಪಟ್ಟರೆ ನಿಬ್ಬಿನ ತುದಿ ಕಾಗದದ ನಾರನ್ನು ಎಬ್ಬಿಸುತ್ತದೆ, ಇಂಕು ಹರಡುತ್ತದೆ, ಅಲ್ಲಿಗೆ ಮುಗಿಯಿತು.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಈ ಕೆಲಸ ಹೊತ್ತು ತಿನ್ನುತ್ತದೆ. ಎಷ್ಟು ತಿನ್ನುತ್ತದೆ ಅಂತ ನನಗೆ ಪೈಸೆ ಲೆಕ್ಕದಲ್ಲಿ ಗೊತ್ತು. ಯಾಕಂದರೆ ಹೊಟ್ಟೆಪಾಡಿಗೆ ನಾನು ಮಾಡುವುದೇ ಲೆಕ್ಕ. ದಾವಣಗೆರೆಯ ಎಪಿಎಂಸಿ ಯಾರ್ಡಿನ ಒಂದು ದಲಾಲಿ ಅಂಗಡಿಯಲ್ಲಿ ಕೂತು ತೂಕದ ಚೀಟಿ, ಹಮಾಲಿ, ರೈತರಿಗೆ ಕೊಟ್ಟ ಮುಂಗಡ ಎಲ್ಲವನ್ನೂ ಕಂಪ್ಯೂಟರಿನ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಗೆ ಏರಿಸುತ್ತೇನೆ. ಬೆಳಿಗ್ಗೆ ನಾಲ್ಕೂ ಮುಕ್ಕಾಲರಿಂದ ಆರೂ ಮುಕ್ಕಾಲರವರೆಗೆ ಚಿತ್ರ. ದಿನಕ್ಕೆ 2 ಗಂಟೆ, ವಾರಕ್ಕೆ 6 ದಿನ. ಒಂದು ಚಿತ್ರಕ್ಕೆ 35ರಿಂದ 40 ಗಂಟೆ. ಮೆಕ್ಕೆಜೋಳದ ಸೀಜನ್ನಿನಲ್ಲಿ ನಿಬ್ಬು ಮುಟ್ಟಲು ಆಗುವುದಿಲ್ಲ, ಆಗ ರಾತ್ರಿ ಹತ್ತಾದರೂ ಅಂಗಡಿಯಲ್ಲೇ. ಹೀಗೆ 9 ವರ್ಷದಲ್ಲಿ 61 ಚಿತ್ರ ಆಗಿವೆ. ಮಾರಾಟ ಆದದ್ದು 4. ಅದರಲ್ಲಿ ಒಂದಕ್ಕೆ 3,500 ರೂಪಾಯಿ ಬಂತು, ಫ್ರೇಮಿಗೆ 1,200 ಹೋಯಿತು. ಇನ್ನುಳಿದ ಮೂರರ ವ್ಯವಹಾರ ಹೇಳದಿರುವುದೇ ವಾಸಿ.

ಯಾವ ದಲಾಲಿ ಅಂಗಡಿಯವನಾದರೂ ಇಂಥ ಖಾತೆಯನ್ನು ಎರಡನೇ ವರ್ಷಕ್ಕೇ ಮುಚ್ಚುತ್ತಿದ್ದ.

ನಾನು ಹುಟ್ಟಿದ್ದು ಚಿತ್ರದುರ್ಗ ಜಿಲ್ಲೆಯಲ್ಲಿ. ಊರು ಬದಲಾಗಲಿಲ್ಲ, 1997ರಲ್ಲಿ ಜಿಲ್ಲೆಯೇ ಬೇರೆಯಾಯಿತು. ಅಪ್ಪ ಹತ್ತಿ ಮಿಲ್ಲಿನಲ್ಲಿದ್ದರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲದ ಕೊನೆಯ ತುಣುಕನ್ನು ನಾನು ಕಂಡಿದ್ದೇನೆ. ಮಿಲ್ಲಿನ ಸೈರನ್ ಕೂಗಿದರೆ ಓಣಿಯ ಹೆಂಗಸರು ಒಲೆ ಹಚ್ಚುತ್ತಿದ್ದರು. ಗಡಿಯಾರ ಇದ್ದದ್ದು ಶೋಕಿಗೆ. ಆ ಮಿಲ್ಲು ಮುಚ್ಚಿದಾಗ ಅಪ್ಪನಿಗೆ ಬರಬೇಕಾದದ್ದು ಪೂರ್ತಿ ಬರಲಿಲ್ಲ. ಅದೊಂದು ದೊಡ್ಡ ಕಥೆ, ಇಲ್ಲಿ ಬೇಡ. ನಮ್ಮೂರಲ್ಲೇ ಚಿತ್ರಕಲೆ ಕಲಿಸುವ ದೃಶ್ಯಕಲಾ ಕಾಲೇಜು ಇದೆ. ಪಿಯುಸಿ ಆದ ಮೇಲೆ ಅದರ ಗೇಟಿನ ಮುಂದೆ ಸೈಕಲ್ ನಿಲ್ಲಿಸಿ ಎರಡು ಸಲ ನಿಂತಿದ್ದೆ. ಒಳಗೆ ಹೋಗಲಿಲ್ಲ. ಬಿಕಾಂಗೆ ಅರ್ಜಿ ಹಾಕಿದೆ. ಅಪ್ಪ ಬೇಡ ಅನ್ನಲಿಲ್ಲ, ಕೇಳಿದ್ದರೆ ತಾನೆ ಅನ್ನುವುದು. ಮನೆಯ ಪರಿಸ್ಥಿತಿ ನೋಡಿದ ಯಾರೂ ಅದನ್ನು ಕೇಳುವಂತಿರಲಿಲ್ಲ.

ಮೂವತ್ತೈದು ದಾಟಿದ ಮೇಲೆ ಒಂದು ದಿನ ಮಗಳ ಡ್ರಾಯಿಂಗ್ ಹೋಂವರ್ಕಿಗೆ ಒಂದು ಎತ್ತು ಬರೆದುಕೊಟ್ಟೆ. ಟೀಚರು ಮಗಳಿಗೆ ಬೈದು ಕಳಿಸಿದರು, ಇದು ನೀನು ಬರೆದದ್ದಲ್ಲ ಅಂತ. ಆ ಬೈಗುಳದಿಂದ ನನಗಾದ ಖುಷಿ ಮಗಳಿಗೆ ಇವತ್ತಿಗೂ ಅರ್ಥವಾಗಿಲ್ಲ. ಮರುವಾರ ನಿಬ್ಬು, ಇಂಕು ತಂದೆ.

ಆಮೇಲೆ ಶುರುವಾಯಿತು ಸಮರ್ಥನೆಯ ಕೆಲಸ. ಚಿತ್ರಕ್ಕೆ ಹಿಡಿದಷ್ಟೇ ಹೊತ್ತು ಅದಕ್ಕೂ ಹಿಡಿದಿದೆ ಅನ್ನಿಸುತ್ತದೆ.

ನಮ್ಮದು ಲಿಂಗಪೂಜೆ ತಪ್ಪದ ಮನೆ. ಸ್ನಾನ ಮಾಡಿ, ವಿಭೂತಿ ಹಚ್ಚಿ, ಎಡಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಕೂತು ಏಳುವವರೆಗೆ ಅವ್ವ ಬಾಯಿಗೆ ಒಂದು ಹನಿ ಕಾಫಿ ಹಾಕುವುದಿಲ್ಲ. ಅಪ್ಪನ ಪೂಜೆ ಮುಕ್ಕಾಲು ಗಂಟೆ ನಡೆಯುತ್ತಿತ್ತು. ನನ್ನದು ಚಿತ್ರ ಶುರುವಾದ ಮೇಲೆ ಐದು ನಿಮಿಷಕ್ಕೆ ಇಳಿಯಿತು. ಆರೂ ಮುಕ್ಕಾಲಿಗೆ ನಿಬ್ಬು ತೊಳೆದು, ಏಳಕ್ಕೆ ಸ್ನಾನ, ಏಳೂ ಹತ್ತಕ್ಕೆ ಪೂಜೆ, ಏಳೂ ಕಾಲಿಗೆ ತಟ್ಟೆ ಮುಂದೆ. ಅವ್ವ ಸುಮ್ಮನೆ ನೋಡುತ್ತಿದ್ದಳು. ಒಂದು ದಿನ ಹೇಳಿದಳು: “ಲಿಂಗಕ್ಕೆ ನೀರು ಹಾಕಿ ಓಡಿ ಹೋಗ್ತೀಯಲ್ಲಪ್ಪ, ಗಿಡಕ್ಕೆ ಹಾಕಿದಂಗೆ.” ಬೆರಳ ಸಂದಿಯಲ್ಲಿ ಇನ್ನೂ ಇಂಕಿನ ಕಪ್ಪು ಇತ್ತು. ಏನೂ ಹೇಳಲು ತೋಚಲಿಲ್ಲ.

ಇದರ ಮೇಲೆ ಶ್ರಾವಣದ ಸೋಮವಾರಗಳು, ಅಮಾವಾಸ್ಯೆ, ಮಾಘದಲ್ಲಿ ಮಠದ ತರಳಬಾಳು ಹುಣ್ಣಿಮೆ ಉತ್ಸವ ಎಲ್ಲಿ ನಡೆದರೆ ಅಲ್ಲಿಗೆ ಒಂದು ದಿನವಾದರೂ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ. ಆಗ ಊರಿಗೆ ಊರೇ ನೆಂಟರಿಂದ ತುಂಬಿರುತ್ತದೆ. ನನ್ನ ಚಿತ್ರದ ಮೇಜಿನ ಮೇಲೆ ಯಾರದೋ ಸೂಟ್‌ಕೇಸು, ಸೂಟ್‌ಕೇಸಿನ ಮೇಲೆ ಯಾರದೋ ಮಗುವಿನ ಹಾಲಿನ ಬಾಟಲಿ. ಜೊತೆಗೆ ಗೃಹಪ್ರವೇಶ, ನಿಶ್ಚಿತಾರ್ಥ, ತಿಥಿ. ಇವೆಲ್ಲ ತಪ್ಪು ಅಂತ ನಾನು ಹೇಳುತ್ತಿಲ್ಲ. ಅಪ್ಪ ತೀರಿಕೊಂಡಾಗ ನಮ್ಮ ಮನೆಯ ಅಂಗಳದಲ್ಲಿ ನಿಂತವರು ಇದೇ ನೆಂಟರು. ನನ್ನ 61 ಚಿತ್ರಗಳಲ್ಲಿ ಒಂದೂ ಹೆಗಲು ಕೊಡಲು ಬರಲಿಲ್ಲ.

ಹಾಗಾಗಿ ಒಂದು ಗಟ್ಟಿ ಕಾರಣ ಬೇಕಿತ್ತು. ನಮ್ಮ ಕಡೆಯವರಿಗೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಆಯ್ದಕ್ಕಿ ಮಾರಯ್ಯನ ವಚನ ಇದೆಯಲ್ಲ: ಕಾಯಕದಲ್ಲಿ ನಿರತನಾದಡೆ ಗುರುದರ್ಶನವಾದಡೂ ಮರೆಯಬೇಕು, ಲಿಂಗಪೂಜೆಯಾದಡೂ ಮರೆಯಬೇಕು. ಇದಕ್ಕಿಂತ ಒಳ್ಳೆಯ ವಕಾಲತ್ತು ಯಾವ ವಕೀಲ ಹಾಕುತ್ತಾನೆ? ಅದನ್ನು ನನ್ನ ಅಕ್ಷರದಲ್ಲೇ ಬರೆದು ಮೇಜಿನ ಮೇಲಿನ ಗೋಡೆಗೆ ಅಂಟಿಸಿದೆ. ಅವ್ವ ಓದಿದಳು. ಏನೂ ಅನ್ನಲಿಲ್ಲ. ಗೆದ್ದೆ ಅಂದುಕೊಂಡೆ.

ಸುಮಾರು ಎರಡು ವರ್ಷ ಆ ಚೀಟಿ ಅಲ್ಲೇ ಇತ್ತು. ಆದರೆ ಲೆಕ್ಕದವನ ಬುದ್ಧಿ ಸುಮ್ಮನಿರಬೇಕಲ್ಲ. ಮಾರಯ್ಯ ಮಾಡುತ್ತಿದ್ದದ್ದೇನು? ಬಿದ್ದ ಅಕ್ಕಿ ಆಯ್ದು ತರುವುದು. ಆ ಅಕ್ಕಿ ಎಲ್ಲಿಗೆ ಹೋಗುತ್ತಿತ್ತು? ದಾಸೋಹಕ್ಕೆ. ಕಾಯಕ ಅಂದರೆ ಬರೀ ದುಡಿಮೆಯಲ್ಲ, ದುಡಿದದ್ದು ಇನ್ನೊಬ್ಬರ ತಟ್ಟೆಗೆ ಬೀಳಬೇಕು. ಹಾಗೆ ನೋಡಿದರೆ ನನ್ನ ಕಾಯಕ ಯಾರ್ಡಿನಲ್ಲಿ ನಡೆಯುವ ಲೆಕ್ಕ. ಚಿತ್ರದಿಂದ ಯಾರ ತಟ್ಟೆಗೂ ಏನೂ ಬೀಳುವುದಿಲ್ಲ. ಫ್ರೇಮಿನವನ ತಟ್ಟೆಗೆ ಬಿಟ್ಟರೆ.

ಇನ್ನೊಂದು ವಿಷಯ ಅದಕ್ಕಿಂತ ಚುಚ್ಚಿತು. ಮಾರಯ್ಯನ ಕಥೆಯಲ್ಲಿ ಲೆಕ್ಕ ತಪಾಸಣೆ ಮಾಡುವವಳು ಮನೆಯಲ್ಲೇ ಇದ್ದಾಳೆ. ಒಂದು ದಿನ ಆತ ದಿನದ ಅಳತೆಗಿಂತ ಜಾಸ್ತಿ ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಒಪ್ಪಲಿಲ್ಲ. ಈಸಕ್ಕಿಯಾಸೆ ನಿಮಗೇಕೆ ಅಂತ ಕೇಳಿದಳು, ವಾಪಸ್ಸು ಸುರಿದು ಬರಲು ಕಳಿಸಿದಳು. ನಾನು ಗಂಡನ ವಚನವನ್ನು ಗೋಡೆಗೆ ಅಂಟಿಸಿದ್ದೆ. ಹೆಂಡತಿಯದ್ದನ್ನು ಬಿಟ್ಟಿದ್ದೆ. ಈಸು ಹೊತ್ತಿನಾಸೆ ನಿಮಗೇಕೆ ಅಂತ ನನ್ನನ್ನು ಯಾರಾದರೂ ಕೇಳಿದ್ದರೆ?

ಕೇಳಬೇಕಾದವಳು ಕೇಳಿರಲಿಲ್ಲ. ಅದು ಆಮೇಲೆ ಬರುತ್ತದೆ.

ಕಲೆಯೇ ನನ್ನ ಪೂಜೆ ಅಂತ ಹೇಳುವವರಿದ್ದಾರೆ. ನನಗೆ ಆ ಮಾತು ಹಿಡಿಸುವುದಿಲ್ಲ. ಅಂಗೈಯಲ್ಲಿನ ಲಿಂಗವನ್ನು ಕಣ್ಣು ಮಿಟುಕಿಸದೆ ನೋಡುವುದಕ್ಕೂ ಹಾಳೆಯ ಮೇಲಿನ ಗೆರೆಯನ್ನು ಹಾಗೇ ನೋಡುವುದಕ್ಕೂ ಹೋಲಿಕೆ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಲಿಂಗದ ಮುಂದೆ ಕೂತಾಗ ಇದು ಚೆನ್ನಾಗಿ ಬಂತಾ, ಯಾರಾದರೂ ಮೆಚ್ಚುತ್ತಾರಾ ಅಂತ ಯೋಚನೆ ಬರುವುದಿಲ್ಲ. ಚಿತ್ರದ ಮುಂದೆ ಕೂತರೆ ಅದೇ ಯೋಚನೆ. ಪೂಜೆ ಪೂಜೆಯೇ, ಚಿತ್ರ ಚಿತ್ರವೇ. ಒಂದರ ಹೆಸರು ಹೇಳಿ ಇನ್ನೊಂದಕ್ಕೆ ರಿಯಾಯಿತಿ ಕೇಳಬಾರದು.

ಆದರೂ ಒಂದು ಸಲ ಕೇಳಿದೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಗೆ ನವೆಂಬರಿನ ನಾಟಕೋತ್ಸವಕ್ಕೆ ಅವ್ವನನ್ನು ಕರೆದುಕೊಂಡು ಹೋಗಿದ್ದೆ. ಅಲ್ಲಿ ಮಠವೇ ನಾಟಕ ಆಡಿಸುತ್ತದೆ. 1997ರಿಂದ ಶಿವಸಂಚಾರ ಅನ್ನುವ ತಂಡ ಕಟ್ಟಿ ನಾಡೆಲ್ಲ ಸುತ್ತಿಸುತ್ತಾರೆ. ಬಯಲು ರಂಗಮಂದಿರದ ಮೆಟ್ಟಿಲ ಮೇಲೆ ಶಾಲು ಹೊದ್ದು ಕೂತ ಅವ್ವ ಎರಡು ಗಂಟೆ ಅಲ್ಲಾಡಲಿಲ್ಲ. ವಾಪಸ್ಸು ಬರುವಾಗ ಮೆಲ್ಲಗೆ ಹೇಳಿದೆ, “ನೋಡವ್ವ, ಮಠದವರೇ ನಾಟಕ ಮಾಡ್ತಾರೆ. ನಾನು ಚಿತ್ರ ಬರೆದರೆ ಏನು ತಪ್ಪು?”

“ತಪ್ಪು ಅಂದೋರು ಯಾರು? ಅದನ್ನ ಸಾವಿರ ಜನ ಕೂತು ನೋಡಿದ್ರು. ನಿಂದು ಮಂಚದ ಕೆಳಗೆ ಐತೆ.”

ನಿಜ. 57 ಚಿತ್ರಗಳು ಮಂಚದ ಕೆಳಗೆ, ಯಾರ್ಡಿನಿಂದ ತಂದ ಹೊಸ ಚೀಲದಲ್ಲಿ ಸುತ್ತಿಟ್ಟಿವೆ.

ಹೋದ ಶ್ರಾವಣದಲ್ಲಿ ಅವ್ವನಿಗೆ ನಿದ್ದೆ ಕಡಿಮೆಯಾಯಿತು. ಐದು ಗಂಟೆಗೇ ಎದ್ದು ಬಂದು ನನ್ನ ಮೇಜಿನ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತಿದ್ದಳು. ನಿಬ್ಬು ಕಾಗದದ ಮೇಲೆ ಕರಕರ ಅನ್ನುವುದನ್ನು ಕೇಳುತ್ತಾ. ಹೀಗೇ ಒಂದು ಬೆಳಿಗ್ಗೆ ಅಪ್ಪನ ಭಜನೆಯ ಮಾತು ಬಂತು. ಅಪ್ಪ ಪ್ರತಿ ಸೋಮವಾರ ರಾತ್ರಿ ಓಣಿಯ ಗುಡಿಯಲ್ಲಿ ಭಜನೆಗೆ ಹೋಗುತ್ತಿದ್ದರು. ತಾಳ ಹಿಡಿಯುತ್ತಿದ್ದರು, ತತ್ವಪದಕ್ಕೆ ದನಿ ಎತ್ತಿದರೆ ರಸ್ತೆಯ ತುದಿಯವರೆಗೆ ಕೇಳುತ್ತಿತ್ತು. ದೊಡ್ಡವನಾದ ಮೇಲೆ ನನಗೆ ಅನ್ನಿಸಿದ್ದಿದೆ, ಅಪ್ಪನೊಳಗೆ ಒಬ್ಬ ಹಾಡುಗಾರ ಇದ್ದ, ದೇವರ ಹೆಸರಿನಲ್ಲಿ ವಾರಕ್ಕೊಮ್ಮೆ ಹೊರಗೆ ಬರುತ್ತಿದ್ದ ಅಂತ. ಯಾರೂ ಅದನ್ನು ಟೈಂಪಾಸ್ ಅನ್ನಲಿಲ್ಲ. ದೇವರ ಖಾತೆಗೆ ಜಮಾ ಆಯಿತು.

ಇದನ್ನೇ ಹೇಳಿದೆ. “ಅಪ್ಪನಿಗೆ ಭಜನೆ ಇದ್ದಂಗೆ ನನಗೆ ಇದು ಕಣವ್ವ.”

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಹೂಂ. ಭಜನೆಗೆ ಹೋದೋರಿಗೆ ರಾತ್ರಿ ಬಾಗಿಲು ತೆಗೆಯೋರು ಯಾರು?” ಅಂದಳು.

ನಾನು ನಿಬ್ಬು ಕೆಳಗಿಟ್ಟೆ.

ಆಗ ನಮ್ಮದು ಒಳಗಿನಿಂದ ಅಗುಳಿ ಹಾಕುವ ಬಾಗಿಲು. ಅಪ್ಪ ಬರುವುದು ಹನ್ನೆರಡೂವರೆ, ಒಂದೊಂದು ಸಲ ಒಂದು ಗಂಟೆ. ಮಲಗಿದರೆ ಎಚ್ಚರ ಆಗುವುದಿಲ್ಲ ಅಂತ ಅವ್ವ ಗೋಡೆಗೆ ಒರಗಿ ಕೂತೇ ಇರುತ್ತಿದ್ದಳಂತೆ. ಅಪ್ಪನಿಗೆ ಮೊದಲ ಪಾಳಿ ಇದ್ದರೆ ಮತ್ತೆ ಐದಕ್ಕೆ ಎದ್ದು ರೊಟ್ಟಿ ಬಡಿದು ಬುತ್ತಿ ಕಟ್ಟಬೇಕು. “ನಿಮ್ಮಪ್ಪ ಬಂದು ಬಿದ್ಕೊಂಡ್ರೆ ಗೊರಕೆ. ಹಾಡಿದ ಖುಷಿ ಮುಖದ ಮೇಲೆ ಹಂಗೇ ಇರ್ತಿತ್ತು. ನಂಗೆ ಮಂಗಳವಾರ ಪೂರ್ತಿ ತಲೆನೋವು.” ಸಿಟ್ಟಿನಿಂದ ಹೇಳಲಿಲ್ಲ. ನಗುತ್ತಲೇ ಹೇಳಿದಳು. ಎಷ್ಟು ವರ್ಷ ಅಂತ ಕೇಳಿದೆ. “ಯಾರು ಎಣಿಸ್ಯಾರೆ” ಅಂದಳು.

ನಾನು ಎಣಿಸಬಲ್ಲೆ. ಅದೇ ನನ್ನ ಕಸುಬು. ಯಾವ ಖಾತೆಯಲ್ಲೂ ಒಂದು ಕಡೆ ಜಮಾ ಬಿದ್ದರೆ ಇನ್ನೊಂದು ಕಡೆ ಖರ್ಚು ಬಿದ್ದೇ ಇರುತ್ತದೆ. ಹಾಗಿಲ್ಲದೆ ತಾಳೆಯಾಗುವುದಿಲ್ಲ. ಇಪ್ಪತ್ತು ವರ್ಷ ಇದನ್ನೇ ಮಾಡಿದವನು ನನ್ನ ಬೆಳಗಿನ ಎರಡು ಗಂಟೆ ಯಾರ ಖಾತೆಯಿಂದ ಬಂತು ಅಂತ ಒಂದು ದಿನವೂ ನೋಡಿರಲಿಲ್ಲ. ದೇವರಿಗೆ ಮೋಸ ಆಗುತ್ತಿದೆಯಾ, ಅವ್ವನಿಗೆ ಬೇಜಾರಾ, ವಚನದಲ್ಲಿ ಏನಿದೆ, ಎಲ್ಲ ಯೋಚಿಸಿದ್ದೆ. ಗೋಡೆಯ ಆಚೆಗಿನ ಅಡುಗೆಮನೆಯಲ್ಲಿ ಆ ಹೊತ್ತಿಗೆ ಏನು ನಡೆಯುತ್ತಿದೆ ಅಂತ ಬಾಗಿ ನೋಡಿರಲಿಲ್ಲ.

ಮರುದಿನದಿಂದ ಒಂದು ವಾರ ಬಾಗಿಲು ತೆರೆದಿಟ್ಟುಕೊಂಡು ಚಿತ್ರಕ್ಕೆ ಕೂತೆ. ಕೇಳಿಸಿದ್ದನ್ನು ತೂಕದ ಚೀಟಿಯ ಹಿಂದೆ ಬರೆದುಕೊಂಡೆ. ಐದಕ್ಕೆ ಅವ್ವನ ಸ್ನಾನಕ್ಕೆ ನೀರು. ಪೂಜೆಗೆ ಪಕ್ಕದ ಮನೆಯವರ ಗಿಡದಿಂದ ಪತ್ರೆ ಕಿತ್ತು ತಂದು, ತೂತು ಬಿದ್ದ ಎಲೆ ಆರಿಸಿ ಬಿಡುವುದು. ಹಾಲು. ಅವ್ವನ ಶುಗರ್ ಮಾತ್ರೆ ತಿಂಡಿಗೆ ಅರ್ಧ ಗಂಟೆ ಮೊದಲೇ ಆಗಬೇಕು, ಮಾತ್ರೆ ಪೂಜೆಯ ನಂತರವೇ ಆಗಬೇಕು, ಹಾಗಾಗಿ ಪೂಜೆ ತಡವಾದರೆ ಎಲ್ಲವೂ ತಡ. ಮಗಳನ್ನು ಎಬ್ಬಿಸುವುದು, ಮೂರು ಸಲ. ಒಂಬತ್ತನೇ ಕ್ಲಾಸಿನ ಮಕ್ಕಳು ಒಂದೇ ಸಲಕ್ಕೆ ಏಳುವ ಮನೆ ಎಲ್ಲಾದರೂ ಇದ್ದರೆ ತಿಳಿಸಿ. ಎರಡು ಡಬ್ಬಿ. ನಲ್ಲಿ ನೀರು ಬರುವ ದಿನವಾದರೆ ಅದೊಂದು. ಇದರ ನಡುವೆ ಹೊಲಿಗೆ ಯಂತ್ರದ ಸದ್ದು. ನನ್ನ ಹೆಂಡತಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ, ಸೀರೆಗೆ ಫಾಲ್ಸ್ ಹಾಕುತ್ತಾಳೆ. ಹಗಲು ಮುಗಿಯದ್ದನ್ನು ಬೆಳಗಿನ ಜಾವ ಮುಗಿಸುತ್ತಾಳೆ. ನಾವಿಬ್ಬರೂ ಗೋಡೆಯ ಆಚೆ ಈಚೆ ಗೆರೆ ಎಳೆಯುತ್ತಿದ್ದೆವು. ಅವಳದ್ದು ದಾರದ ಗೆರೆ. ಅದಕ್ಕೆ ದುಡ್ಡು ಬರುತ್ತದೆ, ಹಾಗಾಗಿ ಅದನ್ನು ಯಾರಿಗೂ ಸಮರ್ಥಿಸಬೇಕಿಲ್ಲ. ಆದರೆ ಅದು ಅವಳ ಹೊತ್ತೂ ಅಲ್ಲ, ಗಿರಾಕಿಯ ಹೊತ್ತು.

ಗೋಡೆಯ ಮೇಲಿನ ಚೀಟಿ ಕಿತ್ತು ಹಾಕಿದೆ. ಸಿಟ್ಟಿನಿಂದಲ್ಲ, ಗೋಂದೂ ಒಣಗಿ ಬೀಳುವ ಹಾಗಿತ್ತು.

“ಭಾನುವಾರ ಬೆಳಿಗ್ಗೆ ನಿಂದು. ಆರರಿಂದ ಒಂಬತ್ತು. ಮನೆ ನಾನು ನೋಡ್ಕೋತೀನಿ” ಅಂತ ಹೇಳಿದಾಗ ಅವಳು ಮೊದಲು ಕೇಳಿದ್ದು, “ಯಾಕ್ರೀ, ಏನಾಯ್ತು?” ಆಮೇಲೆ, “ಬ್ಯಾಡ ಬಿಡ್ರಿ. ನೀವು ಅಡುಗೆಮನೆಗೆ ಹೊಕ್ಕರೆ ನಂಗೆ ಎರಡು ಕೆಲಸ.” ಮೂರು ವಾರ ಹೀಗೇ ಹೋಯಿತು. ನಾಲ್ಕನೇ ಭಾನುವಾರ ಆರೂ ಕಾಲಿಗೆ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು. ಎಲ್ಲಿಗೆ ಅಂತ ಹೇಳಲಿಲ್ಲ. ಮೊಬೈಲು ಮಿಷಿನ್ನಿನ ಮೇಲೇ ಇತ್ತು.

ಅವತ್ತು ನಾನು ಏನೇನು ಮಾಡಿದೆ ಅಂತ ಉದ್ದಕ್ಕೆ ಹೇಳಿದರೆ ನಗುತ್ತೀರಿ. ಪತ್ರೆ ತಂದೆ. ಅವ್ವ ಒಂದೊಂದೇ ಎಲೆ ಬೆಳಕಿಗೆ ಹಿಡಿದು ನೋಡಿ ಅರ್ಧದಷ್ಟು ಪಕ್ಕಕ್ಕಿಟ್ಟಳು. ಹಾಲು ಉಕ್ಕಿತು. ಮಾತ್ರೆ ಕೊಡುವುದು ಮರೆತು ತಿಂಡಿ ಕೊಡಲು ಹೋದೆ, ಅವ್ವನೇ ನೆನಪಿಸಿದಳು. ತಿಂಡಿ ಅಂದರೂ ನಾನು ಮಾಡಿದ್ದಲ್ಲ. ಗಾಡಿ ತೆಗೆದುಕೊಂಡು ಹೋಗಿ ಬೆಣ್ಣೆ ದೋಸೆ ಕಟ್ಟಿಸಿಕೊಂಡು ಬಂದಿದ್ದೆ. ದಾವಣಗೆರೆಯ ಗಂಡಸರಿಗೆ ಈ ಒಂದು ಅನುಕೂಲ ಇದೆ. ಪಾರ್ಸೆಲ್ ಬಿಚ್ಚುವ ಹೊತ್ತಿಗೆ ಬೆಣ್ಣೆ ಕಾಗದಕ್ಕೆ ಹೋಗಿ ದೋಸೆ ಮೆತ್ತಗಾಗಿತ್ತು. ಬೆಣ್ಣೆ ದೋಸೆಯನ್ನು ಅಂಗಡಿಯಲ್ಲೇ, ಕಾವಲಿಯಿಂದ ತಟ್ಟೆಗೆ ಬಿದ್ದ ಕೂಡಲೇ ತಿನ್ನಬೇಕು. ಅದು ಬೇರೆ ವಿಷಯ.

ಒಂಬತ್ತೂವರೆಗೆ ಬಂದಳು. ಮುಖ ಸ್ವಲ್ಪ ಬಿಸಿಲಿಗೆ ಕೆಂಪಾಗಿತ್ತು.

“ಎಲ್ಲಿ ಹೋಗಿದ್ದೆ?”

“ಕುಂದುವಾಡ ಕೆರೆ ಹತ್ರ.”

“ವಾಕಿಂಗಾ?”

“ಇಲ್ಲ. ಕೂತಿದ್ದೆ.”

“ಮೂರು ಗಂಟೆ? ಸುಮ್ನೆ? ಏನ್ ಮಾಡ್ದೆ?”

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ನನ್ನನ್ನು ನೋಡಿದಳು. “ಯಾಕ್ರೀ, ಲೆಕ್ಕ ಕೊಡಬೇಕಾ?”

ಒಂಬತ್ತು ವರ್ಷದಿಂದ ಯಾವ ಪ್ರಶ್ನೆಗೆ ಹೆದರಿಕೊಂಡು ವಚನ, ಮಠ, ಅಪ್ಪನ ಭಜನೆ ಎಲ್ಲವನ್ನೂ ಅಡ್ಡ ಹಿಡಿದಿದ್ದೆನೋ ಅದೇ ಪ್ರಶ್ನೆ ನನ್ನ ಬಾಯಿಂದ ಬಂದಿತ್ತು. ಅದೂ ಮೊದಲ ಭಾನುವಾರವೇ. ಮನಸ್ಸಿನಲ್ಲಿ ನಾನು ಅವಳಿಗೊಂದು ಕೆಲಸ ಗೊತ್ತು ಮಾಡಿಟ್ಟಿದ್ದೆ ಅಂತ ಆಗ ತಿಳಿಯಿತು. ಕಸೂತಿ ಕಲಿಯುತ್ತಾಳೆ, ಹಾಡು ಕಲಿಯುತ್ತಾಳೆ, ಏನಾದರೂ ತೋರಿಸುವಂಥದ್ದು. ಸುಮ್ನೆ ಕೆರೆ ನೋಡಿಕೊಂಡು ಕೂರುವುದು ನನ್ನ ಲೆಕ್ಕದಲ್ಲಿ ಇರಲಿಲ್ಲ.

ಈಗ ಬೆಳಿಗ್ಗೆ ಒಂದು ಗಂಟೆಯೇ ಚಿತ್ರ. ಆರು ಗಂಟೆಗೆ ಪತ್ರೆ, ಹಾಲು, ಮಗಳನ್ನು ಎಬ್ಬಿಸುವ ಮೊದಲೆರಡು ಸುತ್ತು ನನ್ನದು. ಮೂರನೆಯದಕ್ಕೆ ಇವತ್ತಿಗೂ ಅವಳೇ ಬೇಕು. ಮಂಡಕ್ಕಿ ಭಟ್ಟಿ ಮೂರು ವಾರಕ್ಕೆ ಮುಗಿಯಬೇಕಿತ್ತು, ಇನ್ನೂ ಮೂರು ವಾರ ಹಿಡಿಯಬಹುದು. ಪೂಜೆ ಹದಿನೈದು ನಿಮಿಷಕ್ಕೆ ಬಂದಿದೆ. ಅಪ್ಪನಷ್ಟಿಲ್ಲ. ಅವ್ವ ಅದರ ಬಗ್ಗೆ ಏನೂ ಹೇಳಿಲ್ಲ. ಚಿತ್ರದ ಬಗ್ಗೆ ಮಾತ್ರ ಮೊನ್ನೆ, ಜರಡಿ ಹಿಡಿದವನ ಹೆಬ್ಬೆರಳು ತಿರುಗಿದಂಗೆ ಕಾಣ್ತದೆ ಅಂದಳು. ಸರಿಯಾಗೇ ಹೇಳಿದ್ದಳು. ಇಂಕಿನಲ್ಲಿ ಬರೆದದ್ದು, ತಿದ್ದಲು ಬರುವುದಿಲ್ಲ.

ಈ ಭಾನುವಾರ ರೊಟ್ಟಿಗೆ ಕೈ ಹಾಕಿದ್ದೆ. ಜೋಳದ ಹಿಟ್ಟಿಗೆ ಎಸರು ಹಾಕಿ ನಾದುವುದು ಅವ್ವ ಕೂತಲ್ಲಿಂದಲೇ ಹೇಳಿಕೊಟ್ಟಳು. ಮೊದಲ ಮೂರು ಬಡಿಯುವಾಗಲೇ ಹರಿದವು. ನಾಲ್ಕನೆಯದು ಒಂದು ಮೂಲೆ ಬಿಟ್ಟರೆ ದುಂಡಗೇ ಬಂದಿತ್ತು. ಅದನ್ನು ಹೆಂಚಿಗೆ ಹಾಕುವಷ್ಟರಲ್ಲಿ ಹೊರಗೆ ಚಪ್ಪಲಿಯ ಸದ್ದು, ಬಾಗಿಲು ಬಡಿದ ಸದ್ದು. ಮಗಳು ಇನ್ನೂ ಎದ್ದಿರಲಿಲ್ಲ. ಅವ್ವ ಪೂಜೆಗೆ ಕೂತಿದ್ದಳು. ಉರಿ ಸಣ್ಣ ಮಾಡಿ, ಹಿಟ್ಟಿನ ಕೈಯಲ್ಲೇ ಹೋಗಿ ಚಿಲಕ ತೆಗೆದೆ.

ಅವಳು ಒಳಗೆ ಬಂದವಳೇ ಚಿಲಕ ನೋಡಿದಳು. “ಇದಕ್ಕೆಲ್ಲ ಮೆತ್ತಿದ್ದೀರಲ್ರೀ” ಅಂದಳು. ಆಮೇಲೆ ಮೂಗು ಅರಳಿಸಿ, “ರೊಟ್ಟಿ ಸೀಯ್ತಾ ಐತೆ.”